ಕೆಲಸ ಹೋದದ್ದಕ್ಕೆ ಒಂದು ಪತ್ರ

ಟೀ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ನಿಂತಾಗ ಮಾಲೀಕರು ಕಟ್ಟುತ್ತಿದ್ದ ಆರೋಗ್ಯ ವಿಮೆಯೂ ನಿಂತಿತು. ಹೆಂಡತಿಯ ಹೃದಯದ ಆಪರೇಷನ್ ಹತ್ತಿರದಲ್ಲಿತ್ತು. ಸ್ವಂತ ಖರ್ಚಿನಲ್ಲಿ ವಿಮೆ ಮುಂದುವರಿಸಲು, ಕೆಲಸ ಹೋದದ್ದಕ್ಕೆ ಮಾಲೀಕರ ಪತ್ರ ಬೇಕಂತೆ. ಅದನ್ನು ಬರೆಸಿಕೊಂಡು ಊಟಿಯ ವಿಮಾ ಕಚೇರಿಗೆ ಹೋದೆ.

ಅಲ್ಲಿದ್ದ ಹುಡುಗಿ ಓದಿ ತಲೆಯೆತ್ತಿದಳು. "ಅಣ್ಣಾ, 'ಟೀ ಎಲೆ ಹೆಚ್ಚು ಬಂದರೆ ಮತ್ತೆ ಕರೆಯುತ್ತೇವೆ' ಅಂತ ಬರೆದಿದ್ದಾರಲ್ಲ?"

"ನಮ್ಮ ಕಡೆ ಯಾರಿಗೂ 'ಹೋಗು' ಅನ್ನೋದಿಲ್ಲಮ್ಮಾ, 'ಹೋಗಿ ಬಾ' ಅಂತೀವಿ."

"ಹಾಗಾದರೆ ಕೆಲಸ ಇದೆ."

"ಸಂಬಳ ಇಲ್ಲ."

"ಹಾಗಾದರೆ ಹೋಗಿದೆ. ಯಾವುದು ಅಂತ ಬರೆಯಲಿ?"

ಪತ್ರ ವಾಪಸ್ ತೆಗೆದುಕೊಂಡು ಬಂದೆ. ಮರುದಿನ ಮಾಲೀಕರೆದುರು ನಿಂತು, "ಸಾರ್, ನನ್ನನ್ನು ಸರಿಯಾಗಿ ತೆಗೆದುಹಾಕಿಬಿಡಿ" ಎಂದೆ.

ಅವರ ಮುಖ ಬಾಡಿತು. "ಅಷ್ಟು ಬೇಡವಾದೆನಾ ನಿನಗೆ?"

ಹೊಸ ಪತ್ರ ಸಿಕ್ಕಿತು, ವಿಮೆಯೂ ಉಳಿಯಿತು. ಆದರೆ ಕೆಲಸ ಕಳೆದುಕೊಂಡ ನಾನೇ ಅವರನ್ನು ಅರ್ಧ ಗಂಟೆ ಸಮಾಧಾನಪಡಿಸಬೇಕಾಯಿತು.