ಘಟ್ಟದ ಕೆಳಗೆ ಬಿಟ್ಟು ಬಂದ ನಾಯಿ

ನಮ್ಮ ಮನೆಗಳಲ್ಲಿ ಯಾರೂ ಪ್ರಾಣಿ ಕೊಲ್ಲುವುದಿಲ್ಲ. ಬೆಕ್ಕು ಹೆಚ್ಚಾದರೆ, ನಾಯಿ ಹೆಣ್ಣುಮರಿ ಹಾಕಿದರೆ, ಗೋಣಿಚೀಲದಲ್ಲಿ ತುಂಬಿ ಹೊಳೆ ದಾಟಿಸಿ ಬಿಟ್ಟು ಬರುತ್ತೇವೆ. ಕೊಂದ ಪಾಪ ತಿಂದು ಪರಿಹಾರ ಅಂತಾರೆ. ತಿನ್ನದ ನಮ್ಮಂಥವರಿಗೆ ಆ ಪರಿಹಾರವೂ ಇಲ್ಲವಲ್ಲ, ಅದಕ್ಕೇ ಬಿಡುವುದು. ಬಿಟ್ಟ ಮೇಲೆ ಸತ್ತರೆ ಅದರ ಹಣೆಬರಹ, ಬದುಕಿದರೆ ನಮ್ಮ ಪುಣ್ಯ. ನನ್ನ ಅಮ್ಮ ಹೀಗೆ ಎಷ್ಟೋ ಮರಿಗಳನ್ನು ಬಿಟ್ಟವಳು. ಬಿಟ್ಟು ಬಂದು, ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ ಊಟಕ್ಕೆ ಕೂರುತ್ತಿದ್ದಳು.

ನನ್ನ ನಾದಿನಿಯ ನಾಯಿಗೆ ಮಾತ್ರ ಹೊಳೆ ಸಾಲದು ಅನ್ನಿಸಿತು. ಆರು ವರ್ಷದ ಗಟ್ಟಿ ನಾಯಿ, ಯಾವ ಹೊಳೆಯನ್ನೂ ಈಜಿ ಬರುವಂಥದ್ದು. ಅದನ್ನು ಬಿಡಲಿಕ್ಕೆ ನಾನು ಸಮುದ್ರವನ್ನೇ ಆರಿಸಿದೆ.

ನಾದಿನಿ ಅಂದರೆ ನನ್ನ ಗಂಡನ ತಂಗಿ. ಆಗ ಅವಳಿಗೆ ಮೂವತ್ತೆಂಟು. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದರೆ ಮನೆಯವರು ಜಾತಕ, ಗ್ರಹ ಅಂತ ನೂರು ಕಾರಣ ಹೇಳುತ್ತಾರೆ. ನಿಜವಾದ ಕಾರಣ ಒಂದೇ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ನಾನು ಆ ಕೆಲಸಕ್ಕೆ ತಯಾರಿರಲಿಲ್ಲ. ಹನ್ನೊಂದು ವರ್ಷ ಅವಳೇ ಮಲ ಮೂತ್ರ ಬಾಚಿದಳು, ಅವಳೇ ಗಂಜಿ ಕುಡಿಸಿದಳು. ಅತ್ತೆ ತೀರಿಕೊಂಡ ಮೇಲೆ ಅವಳಿಂದ ಆಗಬೇಕಾದ್ದೇನೂ ಉಳಿಯಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಅಷ್ಟರಲ್ಲಿ ನಾವು ಸಾಗರದ ಹತ್ತಿರದ ನಮ್ಮ ಮನೆಯನ್ನು ಹೋಂಸ್ಟೇ ಮಾಡಿದ್ದೆವು. ಜೋಗ ನೋಡಲು ಬಂದವರು ಉಳಿಯುತ್ತಿದ್ದರು. ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಅತ್ತೆ ಮಲಗಿದ್ದ ಕೋಣೆ. ಎರಡು ಕಿಟಕಿ, ರೋಗಿಗಾಗಿ ಕಟ್ಟಿಸಿದ ಬಚ್ಚಲು ಅಲ್ಲೇ ಒಳಗೆ. ಆ ಕೋಣೆಯಲ್ಲಿ ಇವಳು, ಬಾಗಿಲಲ್ಲಿ ಅವಳ ನಾಯಿ. ಬಂದವರನ್ನೆಲ್ಲ ಕಂಡು ಗುರ್ ಅನ್ನುತ್ತಿತ್ತು. ಒಬ್ಬ ಹೆಂಗಸಿನ ದುಪ್ಪಟ್ಟಾ ಎಳೆದು ಹರಿದುಹಾಕಿತು. ಆಕೆ ಅದನ್ನು ಫೋಟೊ ಸಮೇತ ಇಂಟರ್ನೆಟ್ಟಿಗೆ ಹಾಕಿದಳು. ಅವತ್ತೇ ತೀರ್ಮಾನ ಮಾಡಿದೆ, ಎರಡೂ ಹೋಗಬೇಕು.

ತೀರ್ಥಹಳ್ಳಿಯಲ್ಲಿ ನನ್ನ ಓರಗಿತ್ತಿ ಇದ್ದಾಳೆ, ಗಂಡನ ಅಣ್ಣನ ಹೆಂಡತಿ. ಮನೆಯಲ್ಲೇ ಸಾರಿನಪುಡಿ, ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ಫೋನ್ ಮಾಡಿ ವಿಷಯ ಹೇಳಿದೆ. ಅವಳು ಯೋಚನೆಯನ್ನೇ ಮಾಡಲಿಲ್ಲ.

"ಬರ್ಲಿ, ಮೆಣಸು ಹುರಿಯಲೆ ಜನ ಬೇಕಾಗಿತ್ತು. ಆದ್ರೆ ಆ ನಾಯಿ ಬ್ಯಾಡ. ಪುಡೀಲಿ ಒಂದು ಕೂದಲು ಸಿಕ್ಕಿರೆ ಎಂಗಳ ಕಥೆ ಮುಗತ್ತು."

ನಾದಿನಿಯನ್ನು ಸುಮ್ಮನೆ ಕಳಿಸಬಹುದಿತ್ತು. ಆದರೆ ನಾಯಿ ಬಿಟ್ಟು ಅವಳು ಹೊರಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವಳು ಅದನ್ನು ಮಾಣಿ ಅಂತ ಕರೆಯುತ್ತಿದ್ದಳು, ನಮ್ಮಲ್ಲಿ ಗಂಡು ಮಕ್ಕಳನ್ನು ಕರೆಯುವ ಹಾಗೆ. ರೋಗಿಯ ಕೋಣೆಯಲ್ಲಿ ಅಷ್ಟು ವರ್ಷ ಕಳೆದವಳ ಜೊತೆ ಮಾತಾಡಲು ಯಾರೂ ಹೋಗಿರಲಿಲ್ಲ, ಆ ನಾಯಿ ಒಂದನ್ನು ಬಿಟ್ಟು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತ ನಾನು ಪ್ರವಾಸದ ಉಪಾಯ ಹುಡುಕಿದೆ.

"ತಂಗಿ, ಸಮುದ್ರ ನೋಡಿ ಬಪ್ಪನ," ಅಂದೆ. "ಹಂಗೇ ತೀರ್ಥಹಳ್ಳಿಗೆ ಹೋಗಿ ನಾಕು ದಿನ ಇರ್ಲಕ್ಕು."

ಅವಳು ಅಲ್ಲಿಯ ತನಕ ಘಟ್ಟ ಇಳಿದವಳಲ್ಲ. ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ನಿಂತಳು. "ಮಾಣಿನ್ನೂ ಕರ್ಕಂಡು ಹೋಪಲಾಗ್ತಾ ಅತ್ತಿಗೆ?"

"ಕರ್ಕ. ಅದೂ ನೋಡ್ಲಿ."

ನಮ್ಮವರಿಗೆ ಹಿಂದಿನ ದಿನವೇ ಎಲ್ಲ ಹೇಳಿದ್ದೆ. ಅವರದು ಒಂದು ಸ್ವಭಾವ. ಕೆಟ್ಟ ಕೆಲಸಕ್ಕೆ ಬೇಡ ಅನ್ನುವುದಿಲ್ಲ, ಆಮೇಲೆ ಮುಖ ಮಾತ್ರ ಸಣ್ಣದು ಮಾಡಿಕೊಂಡು ತಿರುಗುತ್ತಾರೆ. ಒಂದೇ ಒಂದು ಮಾತು ಕೇಳಿದರು, "ಅಲ್ಲಿ ಅದು ಎಂತ ತಿಂತು?"

"ಸಮುದ್ರದ ದಂಡೇಲಿ ಮೀನಿಗೆ ಬರಗಾಲವಾ? ಅಲ್ಲಿ ನಾಯಿಗ ಎಷ್ಟು ದಪ್ಪ ಇರ್ತ ನೋಡಿದ್ರಾ?" ಅಂದೆ. ನಾನು ಅದಕ್ಕೆ ಉಪಕಾರವನ್ನೇ ಮಾಡುತ್ತಿದ್ದೇನೆ ಅಂತ ನಂಬಿದ್ದೆ. ಹುಟ್ಟಿದಾಗಿನಿಂದ ಮೊಸರನ್ನ ತಿಂದು ಬೆಳೆದ ನಾಯಿ ಅದು ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ. ನಮ್ಮವರ ತಲೆಗೂ ಬರಲಿಲ್ಲ. ಮೀನು ಮನೆಯೊಳಗೆ ಬಾರದವರು ಮಾತ್ರ ಮಾಡುವ ತಪ್ಪು ಇದು.

ಜನವರಿಯಲ್ಲಿ ಒಂದು ಬೆಳಿಗ್ಗೆ ಹೊರಟೆವು. ಅವಳು ಮದುವೆಮನೆಗೆ ಉಡುವ ಸೀರೆ ಉಟ್ಟಿದ್ದಳು. ನಮಗೆಲ್ಲ ತೆಳ್ಳೇವು, ಅಂದರೆ ತೆಳುವಾದ ಅಕ್ಕಿದೋಸೆ, ನಾಯಿಗೆ ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಂಡಿದ್ದಳು. ಹಿಂದಿನ ಸೀಟಿನಲ್ಲಿ ನಾಯಿ ಕಿಟಕಿಯಿಂದ ಮೂತಿ ಹೊರಗೆ ಹಾಕಿ ಕೂತಿತ್ತು. ಹೊಸನಗರ ದಾಟಿ ನಿಟ್ಟೂರಿಗೆ ಬರುವಷ್ಟರಲ್ಲಿ ಅವಳು ಮೂರು ಕಡೆ ಕಾರು ನಿಲ್ಲಿಸಲು ಹೇಳಿದ್ದಳು. ಹೊಳೆ ಕಂಡರೆ ಇಳಿಯಬೇಕು, ದೊಡ್ಡ ಮರ ಕಂಡರೆ ಇಳಿಯಬೇಕು. ಕೊಡಚಾದ್ರಿಯ ತಲೆಗೆ ಮೋಡ ಕವಿದಿತ್ತು. ಜೀಪಿನವರು ರಸ್ತೆಬದಿಯಲ್ಲಿ ನಿಂತು ಬೆಟ್ಟಕ್ಕೆ ಬರ್ತೀರಾ ಅಂತ ಕೂಗುತ್ತಿದ್ದರು. ಅವಳು ಅವರಿಗೂ ಕೈ ಬೀಸಿದಳು. ನನಗೆ ಉರಿಯಿತು. ಇಷ್ಟು ಸಂತೋಷ ಪಡುವವಳಿಗೆ ಮೋಸ ಮಾಡುವುದು ಕಷ್ಟದ ಕೆಲಸ, ಆ ಕಷ್ಟಕ್ಕೂ ನಾನು ಅವಳ ಮೇಲೇ ಸಿಟ್ಟು ಮಾಡಿಕೊಂಡೆ.

ನಾಗೋಡಿಯಿಂದ ಕೊಲ್ಲೂರಿಗೆ ಇಳಿಯುವ ಘಟ್ಟದಲ್ಲಿ ತಿರುವು ಮೇಲೆ ತಿರುವು. ಎರಡೂ ಕಡೆ ಬಿಸಿಲು ಬೀಳದ ಕಾಡು, ಒಂದು ಕಡೆ ಕೆಳಗೆ ನೋಡಿದರೆ ತಳ ಕಾಣದು. ನಾಯಿ ಸೀಟಿನ ಮೇಲೆ ವಾಂತಿ ಮಾಡಿತು. "ಹಾಳು ಶನಿ," ಅಂತ ಬೈದೆ. ಅವಳು ತನ್ನ ಆ ಸೀರೆಯ ಸೆರಗಿನಲ್ಲೇ ಒರೆಸಿದಳು. ಆಮೇಲೆ ಅದರ ತಲೆ ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಅನ್ನುತ್ತಾ ಸವರಿದಳು.

ಜನ ಹೋಗುವ ಕಡಲತೀರಕ್ಕೆ ನಾವು ಹೋಗಲಿಲ್ಲ. ಬೈಂದೂರು ದಾಟಿದ ಮೇಲೆ ಹೆದ್ದಾರಿ ಬಿಟ್ಟು ಕೆಂಪುಕಲ್ಲಿನ ಗುಡ್ಡದ ಮೇಲಿನ ಮಣ್ಣುದಾರಿ ಹಿಡಿದೆವು. ಮುಳ್ಳು ಕಾರಿನ ಎರಡೂ ಬದಿ ಕೆರೆಯುತ್ತಿತ್ತು. ದಾರಿ ಮುಗಿದಲ್ಲಿ ಗಾಳಿಮರದ ತೋಪು, ಕೇದಗೆಯ ಪೊದೆ, ಅದರಾಚೆ ಕರಿಬಂಡೆಗಳು ನೀರಿನ ತನಕ. ಅಲೆ ಬಂದು ಬಂಡೆಗೆ ಹೊಡೆದರೆ ಮಾತು ಕೇಳುತ್ತಿರಲಿಲ್ಲ. ದೂರದಲ್ಲಿ ಒಂದೇ ಒಂದು ಗುಡಿಸಲು. ಎಷ್ಟು ಚಂದದ ಜಾಗ ಅಂತ ಅವಳು ನೋಡಿದಳು. ಜನ ಇಲ್ಲದ ಜಾಗ ಅಂತ ನಾನು ನೋಡಿದೆ.

ನಾನು ಅವಳ ಕೈ ಹಿಡಿದು ನೀರಿಗೆ ಕರೆದುಕೊಂಡು ಹೋದೆ. "ಅಲೆಗೆ ನಾಯಿ ಹೆದರ್ತು, ಅಣ್ಣ ಹಿಡ್ಕತ್ತ," ಅಂದೆ. ಅವಳು ನಂಬಿದಳು. ಮೊಣಕಾಲ ತನಕ ನೀರಿನಲ್ಲಿ ನಿಂತವಳಿಗೆ ಹಿಂದೆ ತಿರುಗುವ ಯೋಚನೆಯೇ ಬರಲಿಲ್ಲ. ಅವಳನ್ನು ಅಲ್ಲೇ ಬಿಟ್ಟು ನಾನು ಮೇಲೆ ಬಂದೆ.

ಬಂಡೆಯ ಆಚೆ, ಗುಡಿಸಲಿನ ಮುಂದೆ ಒಬ್ಬಳು ಮುದುಕಿ ಬಲೆ ಹಾಸಿ ಮೀನು ಒಣಗಿಸುತ್ತಿದ್ದಳು. ನಮ್ಮವರು ನಾಯಿ ಹಿಡಿದುಕೊಂಡು ನಿಂತಿದ್ದರು. ಮುದುಕಿ ಒಂದು ಮೀನು ಎಸೆದಳು. ನಾಯಿ ಮೂಸಿ, ತಲೆ ಕೊಡವಿ, ಹಿಂದೆ ಸರಿದು ನಮ್ಮವರ ಕಾಲಿನ ಮಧ್ಯೆ ನಿಂತಿತು.

"ಎಂತ ನಾಯಿ ಮಾರಾಯ್ರೆ ಇದ್, ಮೀನ್ ಹಾಕ್ರೆ ಹಿಂದ್ ಹೋತ್ತಲೆ," ಅಂತ ಅವಳು ನಕ್ಕಳು.

ನಮ್ಮವರು ನನ್ನ ಮುಖ ನೋಡಿದರು. "ಇದಕ್ಕೆ ಗೊತ್ತಿಲ್ಲೆ ಮಾರಾಯ್ತಿ. ಬ್ಯಾಡ, ವಾಪಸ್ ಹೋಪನ."

"ಹಸಿವಾದ್ರೆ ಎಲ್ಲ ಗೊತ್ತಾಗ್ತು. ಕಟ್ಟಿ," ಅಂದೆ.

ಕಾರಿನ ಮೇಲೆ ಸಾಮಾನು ಬಿಗಿಯುವ ನೈಲಾನ್ ಹಗ್ಗ ತಂದಿದ್ದರು. ಅದರಿಂದ ಒಂದು ಗಾಳಿಮರಕ್ಕೆ ಕಟ್ಟಿ, ಮುಂದೆ ಮೊಸರನ್ನ ಸುರಿದರು. ನಾವು ಹೋಗಿ ಒಂದು ಗಂಟೆ ಆದ ಮೇಲೆ ಬಿಚ್ಚಿಬಿಡು ಅಂತ ಮುದುಕಿಗೆ ಹೇಳಿದೆ. ಅವಳ ನಗು ಹೋಯಿತು.

"ಬಿಟ್ಟಿಕ್ ಹೋಪುಕ್ ತಂದದ್ದಾ? ಇಲ್ಲಿನ್ ನಾಯಿಗಳ್ ಇದನ್ನ್ ಬದ್ಕುಕ್ ಬಿಡುದಿಲ್ಲ. ಅದ್ಕಿಂತ ಕೊಂದೇ ಹೋಯ್ನಿ."

"ನಾವು ಕೊಲ್ಲೋರಲ್ಲ," ಅಂದೆ.

"ಹೌದೌದ್," ಅಂದಳು ಅವಳು. ಮತ್ತೆ ಮೀನು ತಿರುವಿ ಹಾಕತೊಡಗಿದಳು.

ಕಾರಿನ ಹತ್ತಿರ ನಾವು ಬಂದ ಸ್ವಲ್ಪ ಹೊತ್ತಿಗೆ ನಾದಿನಿಯೂ ಬಂದಳು. ಸೀರೆ ಒದ್ದೆ, ಸೆರಗಿನಲ್ಲಿ ಚಿಪ್ಪು ಕಟ್ಟಿಕೊಂಡಿದ್ದಳು. "ಕಾಲಡಿಗಿನ ಮಣ್ಣೆಲ್ಲ ಎಳ್ಕಂಡು ಹೋಗ್ತು ಅತ್ತಿಗೆ," ಅಂತ ನಕ್ಕಳು. ಅವಳು ಹಾಗೆ ಬಾಯಿ ಬಿಟ್ಟು ನಕ್ಕದ್ದನ್ನು ನಾನು ನಮ್ಮ ಮನೆಯಲ್ಲಿ ನೋಡಿಯೇ ಇರಲಿಲ್ಲ. ಆಮೇಲೆ ಸುತ್ತ ನೋಡಿದಳು. "ಮಾಣಿ ಎಲ್ಲಿ?"

"ಯಾವುದೋ ನಾಯಿ ಹಿಂದೆ ಓಡಿಹೋತು. ಎಷ್ಟು ಕರೆದ್ರೂ ಬರ್ಲಿಲ್ಲೆ," ಅಂದೆ.

ಅವಳು ಬಂಡೆಯ ಕಡೆ ತಿರುಗಿ ಒಂದು ಸಲ ಕರೆದಳು. ಗಾಳಿ ಆ ಕಡೆಗೇ ಬೀಸುತ್ತಿತ್ತು. ಆಚೆಯಿಂದ ನಾಯಿ ಬೊಗಳಿತು. ಮೊದಲು ಬೊಗಳಿತು, ಆಮೇಲೆ ಕೊರಳು ಬಿಗಿದ ಹಾಗೆ ಕುಂಯ್‌ಗುಟ್ಟಿತು, ಮತ್ತೆ ಬೊಗಳಿತು.

"ಅದು ಬೇರೆ ನಾಯಿ," ಅಂದೆ. "ಇಲ್ಲಿ ಬೇಕಾದಷ್ಟು ಇದ್ದು."

ಅವಳು ಎರಡು ಹೆಜ್ಜೆ ಆ ಕಡೆ ಇಟ್ಟಳು. ನಿಂತಳು. ನನ್ನ ಮುಖ ನೋಡಿದಳು. ಅಣ್ಣನ ಮುಖ ನೋಡಬೇಕೆಂದರೆ ಅವರು ಬೆನ್ನು ತಿರುಗಿಸಿ ಕಾರಿನ ಗಾಜು ಒರೆಸುತ್ತಿದ್ದರು, ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ನಾಯಿ ಬೊಗಳುತ್ತಲೇ ಇತ್ತು. ಅವಳು ಸೆರಗು ಬಿಚ್ಚಿ ಚಿಪ್ಪುಗಳನ್ನು ಮರಳಿಗೆ ಸುರಿದು, ಬಾಗಿಲು ತೆಗೆದು, ಒಳಗೆ ಕೂತಳು. ನಾನು ಗಲಾಟೆಗೆ ತಯಾರಾಗಿದ್ದೆ, ಅಳುವಿಗೆ ತಯಾರಾಗಿದ್ದೆ. ಏನೂ ಆಗಲಿಲ್ಲ. ನನಗೆ ಆಗ ನಾಚಿಕೆ ಆಗಲಿಲ್ಲ, ಸದ್ಯ ಬದುಕಿದೆ ಅನ್ನಿಸಿತು. ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದೇನೆ.

ನಾಯಿಯ ಕಥೆ ಇಲ್ಲೇ ಮುಗಿಸಿಬಿಡುತ್ತೇನೆ. ಹತ್ತು ದಿನದ ಮೇಲೆ ನಮ್ಮವರು ಪೇಟೆಗೆ ಅಂತ ಸುಳ್ಳು ಹೇಳಿ ಅಲ್ಲಿಗೆ ಹೋಗಿದ್ದರು. ಮುದುಕಿ ಅವತ್ತೇ ಬಿಚ್ಚಿದ್ದಳಂತೆ. ನಾಯಿ ಓಡಿಹೋಗಿ ಕಾರು ನಿಂತಿದ್ದ ಜಾಗದಲ್ಲಿ ಕೂತಿತಂತೆ. ಮೀನು ಮುಟ್ಟಲಿಲ್ಲ, ಅವಳು ಹಾಕಿದ ಅನ್ನದಲ್ಲಿ ಮೀನುಸಾರಿನ ವಾಸನೆ ಇತ್ತು, ಅದನ್ನೂ ಮುಟ್ಟಲಿಲ್ಲ. ಮೂರನೆಯ ದಿನ ಊರ ನಾಯಿಗಳು ಸೇರಿ ಹರಿದುಹಾಕಿದವು. ಮುದುಕಿ ಹಗ್ಗವನ್ನು ಸುತ್ತಿ ಎತ್ತಿಟ್ಟಿದ್ದಳು. ನಮ್ಮವರು ಅದನ್ನು ವಾಪಸ್ ತಂದರು. ಬಂದವರ ಸಾಮಾನು ಕಾರಿನ ಮೇಲೆ ಬಿಗಿಯಲು ಈಗಲೂ ಅದನ್ನೇ ಬಳಸುತ್ತೇವೆ.

ಅವತ್ತು ಘಟ್ಟದ ಕೆಳಗಿನ ಸಿದ್ದಾಪುರದ ಮೇಲೆ ಬಂದು ಬಾಳೆಬರೆ ಘಟ್ಟ ಹತ್ತಿದೆವು. ಅವಳು ಎಲ್ಲಿಯೂ ಕಾರು ನಿಲ್ಲಿಸು ಅನ್ನಲಿಲ್ಲ. ಸುಮ್ಮನಿರಲಾರದೆ ನಾನೇ ಬುತ್ತಿ ಬಿಚ್ಚಿ ತೆಳ್ಳೇವು ಕೊಟ್ಟೆ. ತೆಗೆದುಕೊಂಡು ತಿಂದಳು. ನಾಕು ದಿನದಲ್ಲಿ ಮರೆಯುತ್ತಾಳೆ ಅಂದುಕೊಂಡೆ. ಹುಲಿಕಲ್ಲು ದಾಟಿದ ಮೇಲೆ ಅವಳು ಬಾಯಿ ತೆಗೆದಳು.

"ಬಿಟ್ಟಿದ್ದಿದ್ರೆ ಕರೆದ ಕೂಡ್ಲೆ ಬತ್ತಿತ್ತು. ಕಟ್ಟಿದ್ರಿ ಅಲ್ದಾ?"

ನಮ್ಮವರ ಕೈಯಲ್ಲಿ ಕಾರು ಸ್ವಲ್ಪ ಓಲಾಡಿತು. ನನಗೆ ರೇಗಿತು. ಸಿಕ್ಕಿಬಿದ್ದವರಿಗೆ ರೇಗುವುದು ಬಿಟ್ಟು ಬೇರೆ ಏನು ದಾರಿ? "ಗೊತ್ತಿದ್ದಿದ್ರೆ ಆವಾಗ್ಲೇ ಹೋಗಿ ಬಿಚ್ಚಿ ತರಕಾಗಿತ್ತು. ಬಾಯಿ ಮುಚ್ಚಿ ಕಾರು ಹತ್ತಿದ್ದು ಎಂತಕ್ಕೆ?"

"ಬಿಚ್ಚಿ ಕರ್ಕಂಡು ಎಲ್ಲಿಗೆ ಹೋಗ್ಲಿ ಅತ್ತಿಗೆ?" ಅಂತ ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದ ಹಾಗಿತ್ತು. ಅವಳಿಗೊಂದು ಮನೆ ಇದೆ ಅಂತ ಯಾರೂ ಯಾವತ್ತೂ ಹೇಳಿರಲಿಲ್ಲ. ಮಾಸ್ತಿಕಟ್ಟೆ, ಯಡೂರು ದಾಟಿ ತೀರ್ಥಹಳ್ಳಿ ಮುಟ್ಟಿದೆವು.

ಓರಗಿತ್ತಿ ಗೇಟಿನಲ್ಲೇ ನಿಂತಿದ್ದಳು, ಮೈಯೆಲ್ಲ ಹುರಿದ ಮೆಣಸಿನ ಘಾಟು. ಮೊದಲು ಹಿಂದಿನ ಸೀಟಿಗೆ ಇಣುಕಿ ನಾಯಿ ಇಲ್ಲ ಅಂತ ನೋಡಿಕೊಂಡಳು. "ಬಾ ತಂಗಿ, ಕೈಕಾಲು ತೊಳ್ಕ. ಎರಡು ಮೂಟೆ ಮೆಣಸಿನ ತೊಟ್ಟು ತೆಗೆಯಲೆ ಇದ್ದು," ಅಂದಳು. ಕಾಫಿ ಕುಡಿದು ನಾವು ಹೊರಟೆವು. ಕತ್ತಲಾಗುವುದರೊಳಗೆ ಸಾಗರ ಸೇರಬೇಕಿತ್ತು, ಮರುದಿನಕ್ಕೆ ಜನ ಬರುವವರಿದ್ದರು.

ಅವಳು ಬ್ಯಾಗು ಕೈಯಲ್ಲಿ ಹಿಡಿದೇ ಗೇಟಿನ ತನಕ ಬಂದಳು. ಹೋಗುವಾಗ ಏನಾದರೂ ಒಳ್ಳೆಯ ಮಾತು ಹೇಳಬೇಕಲ್ಲ. "ಬೇಸಿಗೇಲಿ ಬಂದು ಕರ್ಕಂಡು ಹೋಗ್ತ್ಯ ತಂಗಿ," ಅಂದೆ.

ಅವಳು ನನ್ನನ್ನೇ ನೋಡಿ, ಅಡುಗೆಗೆ ಉಪ್ಪು ಸಾಕು ಅನ್ನುವಷ್ಟು ಸಲೀಸಾಗಿ ಹೇಳಿದಳು. "ಎನ್ನ ಕಟ್ಟುದು ಬ್ಯಾಡ ಅತ್ತಿಗೆ. ಆನು ತಿರುಗಿ ಬತ್ನಿಲ್ಲೆ."

ಇದಾಗಿ ಮೂರು ವರ್ಷ. ಹಬ್ಬಕ್ಕೆ ಕರೆದೆವು, ಅತ್ತೆಯ ತಿಥಿಗೆ ಕರೆದೆವು. ಆ ಕೋಣೆಯಲ್ಲಿ ದಿನಕ್ಕೊಬ್ಬರು ಬಂದು ಮಲಗುತ್ತಾರೆ. ಅವಳು ಬಂದಿಲ್ಲ.