ಮಣ್ಣೂರಾಗ ಏನದ ನೋಡಾಕ?

ಕಳೆದ ವಾರ ನಮ್ಮ ಓಣಿಯ ರಫೀಕ ಒಂದು ಹಾಳೆ ಹಿಡಿದುಕೊಂಡು ಮನೆಗೆ ಬಂದ. ಜೇವರ್ಗಿ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಝೆರಾಕ್ಸ್ ಅಂಗಡಿ. ಈಗ ಅದರ ಜೊತೆಗೆ ಪ್ರವಾಸದ ಗಾಡಿಯನ್ನೂ ಬಿಡುವ ಯೋಚನೆಯಲ್ಲಿದ್ದಾನೆ. ಹಾಳೆಯಿಂದ ಹಸಿ ಮಸಿಯ ವಾಸನೆ ಬರುತ್ತಿತ್ತು. ‘ಜೀವನದಲ್ಲಿ ಒಮ್ಮೆಯಾದರೂ ನೋಡಲೇಬೇಕಾದ ಸ್ಥಳಗಳು’ ಎಂದು ದಪ್ಪ ಅಕ್ಷರದ ತಲೆಬರಹ, ಅದರ ಕೆಳಗೆ ಮೊದಲನೆಯ ಹೆಸರೇ ಮಹಾಬಳೇಶ್ವರ.

“ಸರ್, ನೀವು ಕನ್ನಡ ಮಾಸ್ತರು. ಮ್ಯಾಲ ಬಾಳ ಊರ ತಿರಗಿದ ಮನಶ್ಯಾರು. ಎಲ್ಲೆರ ತಪ್ಪಿದ್ರ ತಿದ್ದಿ ಕೊಡ್ರಿ,” ಎಂದ ರಫೀಕ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ನಿಂತು, ಅಲ್ಲಿಂದ ಒಂದು ನಗು ಬಂತು. ನನ್ನ ಹೆಂಡತಿ ಮಹಾದೇವಿಯ ನಗು. ‘ಬಾಳ ಊರ ತಿರಗಿದ ಮನಶ್ಯಾರು’ ಎಂಬ ಮಾತು ನನ್ನ ಬಗ್ಗೆ ಯಾರ ಬಾಯಿಂದ ಬಂದರೂ ಆಕೆ ಹೀಗೆಯೇ ನಗುತ್ತಾಳೆ. ರಫೀಕನಿಗೆ ಅದು ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ, ಹೇಳುತ್ತೇನೆ.

ನಾನು ಮದುವೆಯಾದಾಗ ಅಂದೋಲಾದ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಪತ್ರಿಕೆಗಳಲ್ಲಿ ಬರುತ್ತಿದ್ದ ಪ್ರವಾಸದ ಲೇಖನಗಳನ್ನು ಕತ್ತರಿಸಿ ಇನ್ನೂರು ಪುಟದ ನೋಟುಬುಕ್ಕಿಗೆ ಅಂಟಿಸುವುದು ನನ್ನ ಚಟ. ಕಾಶ್ಮೀರದಲ್ಲಿ ದೋಣಿಮನೆಗೆ ಎಷ್ಟು ಕೋಣೆ, ಊಟಿಯ ರೈಲು ಎಷ್ಟು ಸುರಂಗ ದಾಟುತ್ತದೆ, ಮಹಾಬಳೇಶ್ವರದಲ್ಲಿ ಸೂರ್ಯಾಸ್ತಕ್ಕೆ ಯಾವ ತುದಿ, ಸೂರ್ಯೋದಯಕ್ಕೆ ಯಾವ ತುದಿ, ಎಲ್ಲ ಬಾಯಿಪಾಠ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸಹೋದ್ಯೋಗಿಗಳಿಗೆ ದಿನಕ್ಕೊಂದು ಊರು ತೋರಿಸುತ್ತಿದ್ದೆ. ಅವರು ಪಾಪ, ರೊಟ್ಟಿ ತಿನ್ನುತ್ತ ನೋಡುತ್ತಿದ್ದರು. ಹಾಗೆ ನೋಡಿದರೆ ನಾನು ಅಲ್ಲಿಯವರೆಗೆ ಹೋದ ಅತಿ ದೂರದ ಊರು ಸೊಲ್ಲಾಪುರ. ಅದೂ ಒಂದು ಹಲ್ಲು ಕೀಳಿಸಿಕೊಳ್ಳಲು.

ಮಹಾದೇವಿ ಆಳಂದದ ಹುಡುಗಿ. ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡಿದ್ದರು. ತಾಯಿಯ ತಂಗಿ ಗುರುಬಾಯಿ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಕ್ಕನ ಮನೆಗೆ ಬಂದವರು, ಅಕ್ಕನ ಮಗಳನ್ನು ತಮ್ಮ ಮಗಳಂತೆ ಬೆಳೆಸಿದರು. ಮಹಾದೇವಿ ಅವರನ್ನು ಸಣ್ಣವ್ವ ಎನ್ನುತ್ತಾಳೆ. ನಿಶ್ಚಯದ ದಿನ ನಮಗೆ ಸಜ್ಜಕ ಬಡಿಸಿದವರು ಅವರೇ. ಮದುವೆಯಲ್ಲಿ ಮಾತ್ರ ಅವರು ಕಾಣಲಿಲ್ಲ. ಭೀಮಾ ದಂಡೆಯ ಮಣ್ಣೂರಿನಲ್ಲಿ ಗಂಡನ ಮನೆಯ ಹೊಲವಿದೆ, ಅಲ್ಲಿ ಏನೋ ಕೆಲಸ ಬಿತ್ತಂತೆ, ಎಂದು ಯಾರೋ ಹೇಳಿದರು. ನಾನು ನಂಬಿದೆ. ಮೇ ತಿಂಗಳಲ್ಲಿ, ಬಿರುಕು ಬಿಟ್ಟ ಎರೆ ಹೊಲದಲ್ಲಿ, ಮಗಳ ಮದುವೆಗಿಂತ ದೊಡ್ಡ ಕೆಲಸ ಏನಿರುತ್ತದೆ ಎಂದು ಕೇಳಿಕೊಳ್ಳುವಷ್ಟು ಪುರಸೊತ್ತು ನನಗಿರಲಿಲ್ಲ. ನಾನು ಮನಸ್ಸಿನಲ್ಲಿ ಮಹಾಬಳೇಶ್ವರದ ಘಾಟು ಹತ್ತುತ್ತಿದ್ದೆ.

ಮದುವೆಯಾದ ಮೂರನೆಯ ದಿನ ಮಹಾದೇವಿ ಮೊದಲ ಸಲ ನನ್ನನ್ನು ಏನೋ ಕೇಳಿದಳು.

“ಮಹಾಬಳೇಶ್ವರಕ್ಕ ಹೋಗೂದ್ರಾಗ ಒಂದಿನ ಮಣ್ಣೂರಿಗಿ ಹೋಗಿ ಬರೋಣೇನ್ರಿ?”

“ಮಣ್ಣೂರಾಗ ಏನದ ನೋಡಾಕ?” ಎಂದೆ ನಾನು. ಎಂದವನು ಅಲ್ಲಿಗೆ ಬಿಡಬಾರದೆ? ನೋಟುಬುಕ್ಕು ತೆರೆದು, ಒಂದು ಊರು ಪ್ರವಾಸಿ ತಾಣ ಎನ್ನಿಸಿಕೊಳ್ಳಲು ಏನೇನು ಲಕ್ಷಣ ಇರಬೇಕು ಎಂದು ವಿವರಿಸಿದೆ. ಆಕೆ ಪೂರ್ತಿ ಕೇಳಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಎರಡು ದಿನ ಬಿಟ್ಟು ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಅಕ್ಕಲಕೋಟದ ಬಸ್ಸು ಹಿಡಿದು, ಅಲ್ಲಿಂದ ಸೊಲ್ಲಾಪುರ, ಮುಂದೆ ಮಹಾಬಳೇಶ್ವರ. ಇಲ್ಲೊಂದು ಗುಟ್ಟು ಹೇಳಬೇಕು. ನನಗೆ ಹತ್ತನೆಯ ಇಯತ್ತೆಯಿಂದಲೇ ಚಷ್ಮಾ ಇತ್ತು. ಆದರೆ ಹೆಣ್ಣು ನೋಡಲು ಹೋದಾಗ ಅದನ್ನು ಕಿಸೆಯಲ್ಲಿಟ್ಟುಕೊಂಡಿದ್ದೆ. ಅಲ್ಲಿಂದ ಮುಂದೆ ತೆಗೆದು ಹಾಕಿಕೊಳ್ಳುವ ಧೈರ್ಯ ಬಂದಿರಲಿಲ್ಲ. ಮದುವೆಯಲ್ಲಿ ಅಕ್ಷತೆ ಹಾಕಲು ಬಂದವರೆಲ್ಲ ನನಗೆ ಒಂದೇ ಮುಖದವರಂತೆ ಕಂಡಿದ್ದರು. ಸ್ಟ್ಯಾಂಡಿಗೆ ಬಂದ ಬಸ್ಸಿನ ಬೋರ್ಡಿನಲ್ಲಿ ನನಗೆ ಕಂಡದ್ದು ದೊಡ್ಡದೊಂದು ‘ಅ’. ಉಳಿದದ್ದು ಮಂಜು. ‘ಅ’ ಎಂದರೆ ಅಕ್ಕಲಕೋಟ.

“ಅದೇ ನಮ್ಮ ಬಸ್ಸು. ಹತ್ತು ಹತ್ತು, ಲಗೂನ,” ಎಂದು ಟ್ರಂಕು ಎತ್ತಿದೆ.

ಮಹಾದೇವಿ ಬೋರ್ಡು ನೋಡಿದಳು. ನನ್ನ ಮುಖ ನೋಡಿದಳು. “ಸರೀ ನೋಡೀರಿಲ್ರಿ?”

“ನಾ ಮಾಸ್ತರ ಇದ್ದೇನಿ. ನನಗ ಓದಾಕ ಬರಂಗಿಲ್ಲೇನು?”

ಆಕೆ ಹತ್ತಿದಳು. ಮದುವೆಯ ನಿದ್ದೆಗೇಡು, ಬಸ್ಸಿನ ಬಿಸಿಗಾಳಿ, ಕಿಟಕಿಗೆ ತಲೆ ಆನಿಸಿದ್ದಷ್ಟೇ ನೆನಪು. ಎಚ್ಚರಾದಾಗ ಬಸ್ಸು ನಿಂತಿತ್ತು, ಜನ ಇಳಿಯುತ್ತಿದ್ದರು.

“ಅಕ್ಕಲಕೋಟ ಬಂತೇನು?” ಎಂದೆ.

“ಅಫಜಲಪುರ,” ಎಂದಳು ಮಹಾದೇವಿ.

ಪಶ್ಚಿಮಕ್ಕೆ ಹೋಗಬೇಕಾದವರು ದಕ್ಷಿಣಕ್ಕೆ ಬಂದಿದ್ದೆವು. ನಾನು ಕೆಳಗಿಳಿದು, ಟ್ರಂಕಿನ ಮೇಲೆ ಕುಳಿತು, ಇದು ಸಾರಿಗೆಯವರ ತಪ್ಪು, ಬೋರ್ಡು ಬರೆದವನ ತಪ್ಪು, ಒಂದೇ ಅಕ್ಷರದಿಂದ ಎರಡು ಊರಿಗೆ ಹೆಸರಿಟ್ಟವರ ತಪ್ಪು ಎಂದು ಅರ್ಧ ತಾಸು ಮಾತಾಡಿದೆ. ಆಕೆ ನನಗೊಂದು ಕಬ್ಬಿನ ಹಾಲು ತರಿಸಿಕೊಟ್ಟಳು. ಅದು ಮುಗಿಯುವ ಹೊತ್ತಿಗೆ, ತೀರಾ ಮೆತ್ತಗೆ, “ಇಲ್ಲಿಂದ ಮಣ್ಣೂರು ಹತ್ರ ಅದರಿ,” ಎಂದಳು.

ಮರ್ಯಾದೆ ಉಳಿಸಿಕೊಳ್ಳಲು ನನಗೊಂದು ದಾರಿ ಬೇಕಿತ್ತು. “ಆಯ್ತು, ನಿನ್ನ ಮನಸ್ಸಿಗೆ ಬಂದದ ಅಂದ್ರ ಹೋಗೋಣ. ಒಂದಿನ ಅಷ್ಟೇ,” ಎಂದು ದೊಡ್ಡ ಮನಸ್ಸು ಮಾಡಿದೆ. ನಾನು ನಿದ್ದೆ ಹೊಡೆಯುತ್ತಿದ್ದಾಗ ಕಂಡಕ್ಟರ್ ಬಂದಿರಬೇಕಲ್ಲ, ಅವನ ಹತ್ತಿರ ಅಫಜಲಪುರಕ್ಕೆ ಎರಡು ಟಿಕೀಟು ಕೇಳಿ ತೆಗೆದುಕೊಂಡವರು ಯಾರು ಎಂಬ ಪ್ರಶ್ನೆ ನನಗೆ ಹೊಳೆದದ್ದು ಮೂರು ವರ್ಷದ ನಂತರ. ಕೇಳಿದೆ. “ನಾನೇ. ಬೋರ್ಡು ನನಗ ಕಾಣಾಕತ್ತಿತ್ತಲ್ರಿ,” ಎಂದಳು, ಬೇಳೆ ಆರಿಸುತ್ತ, ತಲೆ ಎತ್ತದೆ. ನನ್ನ ಮೇಲೆ ಸಿಟ್ಟು ಬಂದಿತ್ತೇನು ಎಂದೆ. “ಮತ್ತ? ಏನದ ನೋಡಾಕ ಅಂದ್ರಲ್ಲ ನೀವು,” ಎಂದಳು.

ಆದರೆ ಅದು ಆಮೇಲಿನ ಮಾತು. ಅಂದು ನಾವು ಮಣ್ಣೂರಿನಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ ಇರಬೇಕು. ನಮ್ಮ ಕಡೆಯ ಮೇ ತಿಂಗಳ ಎರಡು ಗಂಟೆ ಎಂದರೆ ಏನೆಂದು ಗೊತ್ತಿಲ್ಲದವರು ಖಾಲಿ ಹಂಚನ್ನು ಒಲೆಯ ಮೇಲಿಟ್ಟು ಅದರ ಮೇಲೆ ಕೈ ಹಿಡಿದು ನೋಡಬಹುದು. ಕಲ್ಲು ಹಾಸಿದ ಅಂಗಳ, ಆಚೆ ಒಂದು ಬೇವಿನ ಗಿಡ, ಸಣ್ಣ ಬಾಗಿಲು. ನಾನು ಸಂಭಾವಿತ ಅಳಿಯನಂತೆ ಅಂಗಳದ ತುದಿಯಲ್ಲೇ ಚಪ್ಪಲಿ ಬಿಟ್ಟು ಬಂದೆ. ಅದು ನಾನು ಮಾಡಿದ ಎರಡನೆಯ ತಪ್ಪು.

ಬಾಗಿಲು ತೆರೆದ ಸಣ್ಣವ್ವ ನಮ್ಮನ್ನು ನೋಡಿ ನಿಂತಲ್ಲೇ ನಿಂತರು. ಮಹಾದೇವಿ ಹಸಿರು ಬಳೆಯ ಕೈ ಮುಂದೆ ಚಾಚಿದಳು. ಸಣ್ಣವ್ವ ಹಿಡಿಯಲಿಲ್ಲ. ತಮ್ಮ ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

“ಹೊಸ್ತಿಲ ದಾಟಬ್ಯಾಡ ಯವ್ವಾ. ಅಲ್ಲೇ ನಿಂದರ್ರಿ. ಬಾಜೂ ಮನಿ ಮುತ್ತೈದಿನ್ನ ಕರಕೊಂಡ್ ಬರ್ತೇನಿ, ಆರತಿ ಮಾಡಾಕ,” ಎಂದು ಹೊರಗೆ ಹೊರಟರು.

ಮಹಾದೇವಿ ಅವರ ದಾರಿಗೆ ಅಡ್ಡ ನಿಂತಳು. “ಮಂದಿ ಕೈಲೆ ಆರತಿ ಮಾಡಿಸ್ಕೊಳ್ಳಾಕ ನಾ ಇಷ್ಟು ದೂರ ಬಂದಿಲ್ಲ. ನೀ ಮಾಡು. ಇಲ್ಲಂದ್ರ ಹೀಂಗೇ ತಿರುಗಿ ಹೋಗ್ತೇನಿ.”

“ಹುಚ್ಚಿ ಅದೀಯೇನ್ ಬೇ? ನಾ ಮಾಡಬಾರದು. ಹೊಸಾ ಮದಿಮಕ್ಕಳಿಗಿ ಚಲೋ ಆಗಂಗಿಲ್ಲ.”

“ನಾಲ್ಕು ವರ್ಷದಾಕಿ ಇದ್ದಾಗಿಂದ ನನಗ ಉಣಿಸಿದ ಕೈ. ಆವಾಗೆಲ್ಲ ಚಲೋ ಆತಲ್ಲ.”

ಸಣ್ಣವ್ವ ತಿರುಗಿ ನನ್ನತ್ತ ನೋಡಿದರು. ಆ ನೋಟದಲ್ಲಿ ಹೆದರಿಕೆ ಇತ್ತು. ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ನನಗೆ ಹೆದರಿದ್ದಿಲ್ಲ. ನನ್ನ ವ್ಯಾಕರಣದ ಪಾಠದಲ್ಲಿ ಹುಡುಗರು ಹಾಯಾಗಿ ಮಲಗುತ್ತಿದ್ದರು. ಈಗ ಇಬ್ಬರು ಹೆಂಗಸರು ನನ್ನ ಬಾಯಿಂದ ಏನು ಬರುತ್ತದೋ ಎಂದು ಉಸಿರು ಹಿಡಿದು ನಿಂತಿದ್ದಾರೆ, ನನಗೋ ಅಲ್ಲಿ ಏನು ನಡೆಯುತ್ತಿದೆ ಎಂಬುದೇ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ಅಂಗಳದ ಕಲ್ಲಿನ ಮೇಲೆ ನನ್ನ ಬರಿಗಾಲು ಹುರಿಯುತ್ತಿತ್ತು.

“ನೀವೇ ಮಾಡ್ರಿ ಸಣ್ಣವ್ವ. ಲಗೂನ ಮಾಡ್ರಿ,” ಎಂದೆ.

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ತಾಟು ತಂದರು. ದೀಪ ಹಚ್ಚುವಾಗ ಮೂರು ಕಡ್ಡಿ ಆರಿದವು. ಎತ್ತಿದ ಆರತಿ ಅರ್ಧಕ್ಕೇ ನಿಂತಿತು, ಮಹಾದೇವಿ ಕೆಳಗಿನಿಂದ ತಾಟಿಗೆ ತನ್ನ ಕೈ ಕೊಟ್ಟಳು. ಹೀಗೆ ನನ್ನ ಹೆಂಡತಿ ತನ್ನ ಆರತಿಯನ್ನು ಅರ್ಧ ತಾನೇ ಮಾಡಿಕೊಂಡಳು. ನನ್ನ ಹಣೆಗೆ ಕುಂಕುಮ ಹಚ್ಚಬೇಕಾದಾಗ ಸಣ್ಣವ್ವ ಮತ್ತೆ ಕೈ ಹಿಂದೆಗೆದರು. ನಾನು ತಲೆ ಬಗ್ಗಿಸಿದೆ. ಬೇಗ ಮುಗಿಯಲಿ, ನೆರಳಿಗೆ ಹೋಗೋಣ ಎಂದು.

ಸಂಜೆ ಊಟಕ್ಕೆ ಪುಂಡಿ ಪಲ್ಯ, ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಸಣ್ಣವ್ವ ನನ್ನ ಎದುರು ಕುಳಿತು ಬೀಸಣಿಕೆ ಬೀಸುತ್ತ, “ನಿಮ್ಮಂಥ ದೊಡ್ಡ ಮನಸಿನ ಅಳಿಯ ಸಿಗೂದು ನಮ್ಮ ಪುಣ್ಯ. ನಿಮ್ಮ ಅತ್ತಿ ಅಂದಿದ್ದು ನನ್ನ ಮನಸಿನ್ಯಾಗ ಇಲ್ರಿ. ಹಿರೇರು, ಅಂತಾರ,” ಎಂದರು.

“ನಮ್ಮ ಅತ್ತಿ ಏನಂದಿದ್ದರು?” ಎಂದೆ.

ಅವರು ಗಾಬರಿಯಾಗಿ ಮಹಾದೇವಿಯ ಮುಖ ನೋಡಿದರು. ಮಹಾದೇವಿ ಹೇಳಿದಳು. ನಿಶ್ಚಯದ ದಿನ ನನ್ನ ಸೋದರತ್ತೆ ಎಲ್ಲರೆದುರಿಗೆ ಸಣ್ಣವ್ವನತ್ತ ಕೈ ಮಾಡಿ, “ಮದಿವಿ ದಿನ ಇಕಿ ಮುಂದ ಮುಂದ ಅಡ್ಡಾಡೂದು ಬ್ಯಾಡ್ರಿ,” ಎಂದಿದ್ದರಂತೆ. ಅದೇ ಪಡಸಾಲೆಯಲ್ಲಿ, ಅದೇ ಜಮಖಾನೆಯ ಮೇಲೆ ನಾನೂ ಕುಳಿತಿದ್ದೆ. ಎಲ್ಲರಿಗೂ ಕೇಳಿಸಿತ್ತು, ನನಗೆ ಕೇಳಿಸಿರಲಿಲ್ಲ. ನಾನಾಗ ಮಾವನವರಿಗೆ ಮಹಾಬಳೇಶ್ವರದ ಸ್ಟ್ರಾಬೆರಿ ತೋಟಗಳ ಬಗ್ಗೆ ಹೇಳುತ್ತಿದ್ದೆ.

ನಮ್ಮದು ದಿನಾ ಸಂಜೆ ಶರಣರ ವಚನ ಓದುವ ಮನೆ. ಅತ್ತೆಯೂ ಓದುತ್ತಿದ್ದರು, ನನಗಿಂತ ಚೆನ್ನಾಗಿ ಓದುತ್ತಿದ್ದರು. ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಿರುಗಿ ತಾಟಿನಲ್ಲಿಟ್ಟೆ. ಬೆವರು ಒರೆಸುವವನಂತೆ ಮುಖ ಒರೆಸಿಕೊಂಡೆ.

ಒಂದು ದಿನ ಎಂದು ಹೋದವರು ರಜೆ ಮುಗಿಯುವವರೆಗೆ, ಆರು ದಿನ ಅಲ್ಲೇ ಇದ್ದೆವು. ಬೇಸಿಗೆಯ ಭೀಮೆ ಒಂದು ಬದಿಗೆ ಸರಿದು ಸಣ್ಣಗೆ ಹರಿಯುತ್ತಿದ್ದಳು. ಬೆಳಗಾಗುತ್ತಲೇ ಅವ್ವ ಮಗಳಿಬ್ಬರೂ ಬಟ್ಟೆಯ ಗಂಟು ಹೊತ್ತು ನದಿಗೆ ಹೋಗುತ್ತಿದ್ದರು. ನಾನು ಹಿಂದಿನಿಂದ. ಅವರು ಒಗೆಯುವುದಕ್ಕಿಂತ ಹೆಚ್ಚು ನಗುತ್ತಿದ್ದರು. ನಾನು ಎರಡನೆಯ ದಿನ ಕಿಸೆಯಿಂದ ಚಷ್ಮಾ ತೆಗೆದು ಹಾಕಿಕೊಂಡೆ. ಅಷ್ಟು ದೂರದಿಂದ ಹೆಂಡತಿಯ ಮುಖ ಸರಿಯಾಗಿ ಕಂಡದ್ದು ಅದೇ ಮೊದಲು. ಆಕೆ ತಿರುಗಿ ನೋಡಿ, ಸಣ್ಣವ್ವನ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ನೀರಿನಲ್ಲಿ ಕುಸಿದು ಕುಳಿತು ನಕ್ಕರು.

ಮಹಾಬಳೇಶ್ವರಕ್ಕೂ ಹೋದೆವು, ಅದನ್ನೂ ಹೇಳಿಬಿಡುತ್ತೇನೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಸಣ್ಣವ್ವನನ್ನೂ ಕರೆದುಕೊಂಡು. ಘಾಟು ಹತ್ತುವಾಗ ನನಗೆ ನಾಲ್ಕು ಸಲ ವಾಂತಿಯಾಯಿತು. ಮೇಲೆ ಹೋದರೆ ಚಾಚಿದ ಕೈ ಕಾಣದಷ್ಟು ಮಂಜು. ಹಾಗೆಂದು ಸುಮ್ಮನಿರಲಾದೀತೆ? ಕಬ್ಬಿಣದ ಕಟಾಂಜನ ಹಿಡಿದು ನಿಂತು, ಎಡಕ್ಕೆ ಕಣಿವೆ, ಬಲಕ್ಕೆ ಜಲಪಾತ, ಅಗೋ ಅಲ್ಲಿ ಕೋಟೆ, ಎಂದು ನೋಟುಬುಕ್ಕಿನ ನೆನಪಿನಿಂದ ಎಲ್ಲ ತೋರಿಸಿದೆ. ಸಣ್ಣವ್ವ ಪ್ರತಿಯೊಂದಕ್ಕೂ ಕೈಮುಗಿದರು. ಮಂಜು ಸ್ವಲ್ಪ ಸರಿದಾಗ ನಾವು ನಿಂತದ್ದು ಒಂದು ಹೋಟೆಲಿನ ಹಿಂದಿನ ಗೋಡೆಯ ಎದುರು ಎಂದು ತಿಳಿಯಿತು.

ರಫೀಕ ಹಾಳೆ ತಿದ್ದಿಸಿಕೊಂಡು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಮಣ್ಣೂರಿನ ಆ ಅಂಗಳದಲ್ಲಿ ನಾನು ಆಡಿದ ಮಾತು ಮಹಾದೇವಿಯ ತವರಿನಲ್ಲಿ ಒಂದು ಕಥೆಯಾಗಿಬಿಟ್ಟಿದೆ. ಯಾವ ಮದುವೆಯಾಗಲಿ, ಯಾರೋ ಒಬ್ಬರು ಅದನ್ನು ಹೇಳುತ್ತಾರೆ, ನಾಲ್ಕು ಜನ ನನ್ನತ್ತ ತಿರುಗಿ ನೋಡುತ್ತಾರೆ, ನಾನು ನೆಲ ನೋಡುತ್ತೇನೆ. ಅದನ್ನು ವಿನಯ ಎಂದುಕೊಳ್ಳುತ್ತಾರೆ. ಇಷ್ಟು ವರ್ಷ ಪುಕ್ಕಟೆ ಸಿಕ್ಕ ಮಾನವನ್ನು ಉಂಡುಕೊಂಡು ಬಂದಿದ್ದೇನೆ. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೇಳಿಯೇ ಬಿಡೋಣ ಎಂದುಕೊಂಡೆ.

“ಒಂದು ಮಾತು ಹೇಳ್ತೇನಿ. ಮಣ್ಣೂರಾಗ ಆವತ್ತು ನಾ ‘ನೀವೇ ಮಾಡ್ರಿ’ ಅಂದೆನಲ್ಲ, ಅದು ದೊಡ್ಡ ಮನಸು ಮಾಡಿ ಅಂದಿದ್ದಲ್ಲ.”

“ಗೊತ್ತದರಿ,” ಎಂದಳು ಮಹಾದೇವಿ, ರೊಟ್ಟಿ ತಿರುವಿ ಹಾಕುತ್ತ. “ಕಾಲು ಸುಡಾಕತ್ತಿತ್ತು ನಿಮಗ. ಒಂದು ಕಾಲು ಎತ್ತಿ ಒಂದು ಕಾಲು ಇಡಾಕತ್ತಿದ್ರಿ, ಕೊಕ್ಕರಿ ಹಂಗ. ನಾ ನೋಡಿಲ್ಲೇನು?”

ನಾನು ಒಳಗೆ ಬಂದು ಒಲೆಯ ಪಕ್ಕ ನಿಂತೆ. “ಮತ್ತ ಇಷ್ಟು ವರ್ಷ ಎಲ್ಲಾರ ಮುಂದ ಹೊಗಳಿದ್ದು?”

“ಹೊಗಳಿಲ್ಲ. ಅವರು ಹೇಳುವಾಗ ಸುಮ್ಮ ಕುಂತೇನಿ, ಅಷ್ಟೇ.” ರೊಟ್ಟಿ ಬುಟ್ಟಿಗೆ ಹಾಕಿ, “ಎದಕ್ಕರ ಆಗಲಿ, ಮಾಡ್ರಿ ಅಂದ್ರಿ. ಆವತ್ತು ನೀವು ‘ಬ್ಯಾಡ’ ಅಂದಿದ್ರ ಸಣ್ಣವ್ವ ಮುಂದ ಬದುಕೂದೇ ಕಷ್ಟ ಇತ್ತು,” ಎಂದಳು.

“ಸಣ್ಣವ್ವಗೂ ಗೊತ್ತೇನು, ಕಾಲಿನ ವಿಷಯ?”

ಮಹಾದೇವಿ ಹಂಚಿನಿಂದ ಕಣ್ಣು ಎತ್ತಿ ನನ್ನನ್ನು ನೇರವಾಗಿ ನೋಡಿದಳು. “ಇಲ್ಲ. ಅಕಿಗಿ ಹೇಳಬ್ಯಾಡ್ರಿ.”

ಆ ದಿನವೇ ಸಂಜೆ ಮಣ್ಣೂರಿನಿಂದ ಫೋನು ಬಂತು. ಸಣ್ಣವ್ವನಿಗೆ ಈಗ ಎಪ್ಪತ್ತು ದಾಟಿದೆ, ಕಿವಿ ಮಂದ, ದನಿ ಮಾತ್ರ ನದಿಯ ಆ ದಂಡೆಗೂ ಕೇಳುವಂಥದ್ದು. ಮಗಳೊಂದಿಗೆ ಅರ್ಧ ತಾಸು ಮಾತಾಡಿ, ಕೊನೆಗೆ ಎಂದಿನಂತೆ, “ನಮ್ಮ ಅಳಿಯ ದೇವರಿಗಿ ಕೊಡು ಫೋನು,” ಎಂದದ್ದು ನನಗೆ ಕುಳಿತಲ್ಲಿಗೇ ಕೇಳಿಸಿತು. ಮಹಾದೇವಿ ಫೋನು ಚಾಚಿದಳು, ಹುಬ್ಬು ಮೇಲೇರಿಸಿದಳು.

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಗಂಟಲು ಸರಿಮಾಡಿಕೊಂಡು, ದೊಡ್ಡ ಮನಸ್ಸಿನ ಅಳಿಯನೊಬ್ಬ ಹೇಗೆ ಮಾತಾಡುತ್ತಾನೋ ಹಾಗೆ, “ಹೇಳ್ರಿ ಸಣ್ಣವ್ವ,” ಎಂದೆ.