ಎರಡು ಯಂತ್ರ, ಒಂದೇ ವಿಳಾಸ

ಕಳೆದ ವಾರ ಹಳೆಯ ಕಡತಗಳನ್ನು ಬೇರ್ಪಡಿಸುವಾಗ ತುಕ್ಕು ಹಿಡಿದ ಟಾಚಣಿಯೊಂದು ಬೆರಳಿಗೆ ಚುಚ್ಚಿತು. ನಾನೇ ಬರೆದ ದೂರಿನ ಪ್ರತಿಗೆ ಅದು ಮಡಚಿದ ಇನ್ನೊಂದು ಹಾಳೆಯನ್ನು ಸೇರಿಸಿ ಹಿಡಿದಿತ್ತು. ಬಿಚ್ಚಿದೆ. ಅರ್ಜಿ ನಮೂನೆಯ ಹಿಂಬದಿಯಲ್ಲಿ ಪೆನ್ಸಿಲಿನ ಚಿತ್ರ. ಎರಡು ಚೌಕ, ಎರಡರ ಮೇಲೂ ಒಂದೇ ಸಂಖ್ಯೆ. ಒಂದನ್ನು ಹೊಡೆದುಹಾಕಲಾಗಿತ್ತು. ಬಾಣದ ಗುರುತು ಮಾತ್ರ ಹೊಡೆದುಹಾಕಿದ ಚೌಕದ ಕಡೆಗೇ ಹೋಗುತ್ತಿತ್ತು...

ಅದನ್ನು ಬಿಡಿಸಿದವಳು ಅಂಕೋಲೆಯ ಸೇವಾ ಕೇಂದ್ರವೊಂದರ ಕೌಂಟರಿನಲ್ಲಿ ಕೂರುತ್ತಿದ್ದ ಬೆಳಂಬಾರದ ಹುಡುಗಿ. ಜನ ಜಮೀನಿನ ಪಹಣಿಗೆಂದು ಅಲ್ಲಿಗೆ ಬರುತ್ತಿದ್ದ ಕಾಲ. ಕೇಂದ್ರವನ್ನು ನಡೆಸುತ್ತಿದ್ದ ಗುತ್ತಿಗೆದಾರ ಕಾರವಾರದಲ್ಲಿರುತ್ತಿದ್ದ. ಅವಳಿಗೆ ನೇಮಕಾತಿ ಪತ್ರವಿರಲಿಲ್ಲ, ರಜೆಯಿರಲಿಲ್ಲ, ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ. ಮಧ್ಯಾಹ್ನ ಗಾಜಿಗೆ ಬೆನ್ನು ಮಾಡಿ ಒಬ್ಬಳೇ ಬುತ್ತಿ ಉಣ್ಣುತ್ತಿದ್ದಳು. ಶಾಲೆಯಲ್ಲಿ ಕಲಿಸುತ್ತ, ಬಿಡುವಿನಲ್ಲಿ ಜನರ ಅರ್ಜಿಗಳನ್ನು ಹೊತ್ತು ತಿರುಗುತ್ತಿದ್ದ ನಾನು ಇದೆಲ್ಲವನ್ನೂ ಕಂಡಿದ್ದೆ. ಅನ್ಯಾಯವನ್ನು ಹೆಸರಿಟ್ಟೇ ಕರೆಯಬೇಕೆಂದು ನಂಬಿದವಳು ನಾನು.

ಕೆಲವು ದಿನ ಬೆಳಿಗ್ಗೆ ಅಲ್ಲಿಯ ಕಂಪ್ಯೂಟರಿನಲ್ಲಿ ಏನೂ ನಡೆಯುತ್ತಿರಲಿಲ್ಲ. ರಾಮನಗುಳಿಯಿಂದ ಮೊದಲ ಬಸ್ಸಿಗೆ ಬಂದವರು ಕಾದು ಕಾದು ಮರಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಯಾರೂ ಮುಟ್ಟದೆಯೇ ಎಲ್ಲವೂ ಸರಿಯಾಗುತ್ತಿತ್ತು. ಕಾರವಾರದಿಂದ ಮೇಲ್ವಿಚಾರಕ ಬಂದು ನೋಡುವಷ್ಟರಲ್ಲಿ ಕೆಲಸ ಸಾಗಿರುತ್ತಿತ್ತು, ಸುಳ್ಳುಗಾತಿ ಅವಳಾಗುತ್ತಿದ್ದಳು.

"ಇವ್ಳ ಮೆಷಿನಿಗೆ ಗಂಜಿ ಉಂಡ ಮೇಲೇ ಎಚ್ಚರ ಆಗೂದು," ಎಂದು ಸರತಿಯಲ್ಲಿದ್ದ ಮುದುಕಿಯೊಬ್ಬಳು ಚುಚ್ಚಿದಳು. ಎಲ್ಲರೂ ನಕ್ಕರು, ನಾನೂ.

ಅಂದು ಆ ಹುಡುಗಿ ನನ್ನನ್ನು ಹತ್ತಿರ ಕರೆದು ವಿವರಿಸಿದಳು. ಒಳಗೆ ಎರಡು ಸರ್ವರುಗಳಿವೆ. ಒಂದು ಕೆಟ್ಟರೆ ಇನ್ನೊಂದು ಅದರ ವಿಳಾಸವನ್ನು ತಾನು ವಹಿಸಿಕೊಳ್ಳುತ್ತದೆ. ಆದರೆ ತಂತಿಗಳೆಲ್ಲ ಕೂಡುವ ಪೆಟ್ಟಿಗೆಗೆ ಅದು ತಿಳಿಯುವುದಿಲ್ಲ. ಕೆಲವು ತಾಸು ಅದು ಎಲ್ಲವನ್ನೂ ಸತ್ತ ಯಂತ್ರಕ್ಕೇ ಕಳಿಸುತ್ತಿರುತ್ತದೆ. ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚಿದರೆ ಸಾಕು. ಆದರೆ ಕೋಣೆಯ ಕೀಲಿ ಕಾರವಾರದಲ್ಲಿತ್ತು.

"ಅಕ್ಕೋರೆ, ಮನೆ ಬದ್ಲಾದ್ರೂ ಪೋಸ್ಟಿನವ ಹಳೇ ಜಗಲಿ ಮೇಲೇ ಕಾಗದ ಇಟ್ಟು ಹೋದಂಗೆ. ನಾ ಎಂತ ಮಾಡೂದು?"

ಚಿತ್ರ ಬಿಡಿಸಿ, ಮಡಚಿ ಕೊಟ್ಟಳು. ನನಗದು ಚೆನ್ನಾಗಿ ಕಟ್ಟಿದ ನೆಪವೆನ್ನಿಸಿತು. ಕೌಂಟರಿನ ಸಿಬ್ಬಂದಿ ಬಡವರನ್ನು ಬೇಕೆಂದೇ ಕಾಯಿಸುತ್ತಾರೆಂದು ದೂರು ಬರೆದೆ. ಅಂಥ ಭಾಷೆ ನನಗೆ ಚೆನ್ನಾಗಿ ಒಲಿದಿತ್ತು. ಹಾಳೆಯನ್ನು ಬಿಚ್ಚದೆಯೇ ಪ್ರತಿಗೆ ಟಾಚಣಿ ಚುಚ್ಚಿ ಇಟ್ಟೆ.

ಕೆಲವೇ ದಿನಗಳಲ್ಲಿ ಅವಳನ್ನು ತೆಗೆದುಹಾಕಿದರು. ನೇಮಕಾತಿ ಪತ್ರವಿಲ್ಲದವಳಿಗೆ ವಜಾ ಪತ್ರವೂ ಬೇಕಾಗಲಿಲ್ಲ.

ಅವಳ ಕುರ್ಚಿಯಲ್ಲಿ ಬೇರೊಬ್ಬಳು ಕೂತಳು. ಮಳೆಗಾಲದ ಒಂದು ಬೆಳಿಗ್ಗೆ ಮತ್ತೆ ಎಲ್ಲವೂ ನಿಂತಾಗ, ಹುಬ್ಬಳ್ಳಿಯ ತಂತ್ರಜ್ಞನೊಬ್ಬ ಬೇರೆ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ. ಕಾರವಾರದಿಂದ ತಂದಿದ್ದ ಕೀಲಿಯಿಂದ ಕೋಣೆ ತೆರೆದು, ಪೆಟ್ಟಿಗೆಯನ್ನು ಆರಿಸಿ ಹಚ್ಚಿದ. ಕಾರಣ ಕೇಳಿದರೆ ಬೆಳಂಬಾರದ ಹುಡುಗಿ ಹೇಳಿದ್ದನ್ನೇ ಹೇಳಿದ. "ಇಷ್ಟು ದಿನ ಇಲ್ಲಿ ಯಾರೂ ಇದನ್ನ ಗಮನಿಸಿಲ್ವಾ ಮೇಡಂ?" ಎಂದು ಕೇಳಿದ.

ಅವಳನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಎರಡನೆಯ ಮನವಿ ಬರೆದೆ. ಬೇಸಿಗೆಯ ಹೊತ್ತಿಗೆ, ಜಾಗ ಭರ್ತಿಯಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಬೆಳಂಬಾರಕ್ಕೆ ಹೋದೆ. ಅವಳ ತಾಯಿ ಅಂಗಳದಲ್ಲಿ ಮುರುಗಲು ಸಿಪ್ಪೆ ಒಣಹಾಕುತ್ತಿದ್ದರು. ಮಗಳು ಗೋವಾಕ್ಕೆ ಹೋಗಿದ್ದಾಳೆ, ಯಾವುದೋ ಮನೆಗೆಲಸ, ಎಲ್ಲಿ ಎಂದು ತನಗೂ ಸರಿಯಾಗಿ ತಿಳಿಯದು ಎಂದರು. ಕೈ ಒರೆಸಿಕೊಳ್ಳುತ್ತ ಕೇಳಿದರು:

"ಅಕ್ಕೋರು ಓದ್ದೋರು, ಚಿತ್ರ ಬಿಡ್ಸಿ ಕೊಟ್ಟಿದ್ದೆ, ನೋಡ್ತ್ರು ಅಂದಿತ್ತು ನಮ್ ಹುಡ್ಗಿ. ನೋಡಿದ್ರಾ?"

ನೋಡಿದೆ ಎಂದೆ.

ಎಲ್ಲರ ಸುಳ್ಳನ್ನೂ ಎತ್ತಿ ಹೇಳುತ್ತಿದ್ದ ನಾನು ಆ ಅಂಗಳದಲ್ಲಿ ನಿಂತು ಹಾಗೆಂದೆ. ಈಗ ಹಾಳೆ ಮೇಜಿನ ಮೇಲಿದೆ, ಟಾಚಣಿಯ ತುಕ್ಕು ಎರಡೂ ಚೌಕಗಳ ನಡುವೆ ಕಲೆಯಾಗಿ ಉಳಿದಿದೆ. ಚಿತ್ರ ಅದೆಷ್ಟು ಸ್ಪಷ್ಟವಾಗಿದೆಯೆಂದರೆ, ನನ್ನ ನಾಲ್ಕನೆಯ ಇಯತ್ತೆಯ ಮಕ್ಕಳಿಗೂ ಅರ್ಥವಾಗುತ್ತಿತ್ತು. ಹಾಗೆಂದು ಅವಳಿಗೆ ಬರೆಯೋಣವೆಂದರೆ, ಬೆಳಂಬಾರದ ಆ ಹಳೆಯ ಮನೆಯ ಹೊರತು ಬೇರೆ ವಿಳಾಸ ನನ್ನ ಬಳಿ ಇಲ್ಲ...